ಪೆಲೆ ಗೆದ್ದದ್ದು ಮೂರು ವಿಶ್ವಕಪ್, ಮೂರು ಫೈನಲ್‌ನ ದಾಖಲೆ ಮಾತ್ರ ಕಾಫುವಿನದು! ಹೇಗೆ?

ಓದುಗರ ಪ್ರಶ್ನೆ: ಫುಟ್‌ಬಾಲ್‌ನಲ್ಲಿ ಮೂರು ವಿಶ್ವಕಪ್ ಗೆದ್ದ ಒಬ್ಬನೇ ಆಟಗಾರ ಪೆಲೆ ಅಂತೀರಿ. ಮೂರು ವಿಶ್ವಕಪ್ ಫೈನಲ್‌ನಲ್ಲಿ ಸತತವಾಗಿ ಆಡಿದ ಒಬ್ಬನೇ ಆಟಗಾರ ಬ್ರೆಜಿಲ್‌ನವನೇ ಆದ ಕಾಫು ಅಂತಲೂ ಬರೀತೀರಿ. ಎರಡೂ ನಿಜ ಆಗೋದು ಹೇಗೆ? ಒಬ್ಬ ಡಿಫೆಂಡರ್‌ಗೆ ಈ ದಾಖಲೆ ಒಲಿದದ್ದಾದರೂ ಹೇಗೆ?

ಎರಡೂ ನಿಜವೇ. ಗೊಂದಲದ ಬೇರು ಇರುವುದು 1962ರ ಚಿಲಿಯಲ್ಲಿ. ಆ ವಿಶ್ವಕಪ್‌ನ ಎರಡನೇ ಪಂದ್ಯದಲ್ಲಿ, ಚೆಕೊಸ್ಲೊವಾಕಿಯಾ ವಿರುದ್ಧ, ದೂರದಿಂದ ಗೋಲಿಗೆ ಬಾರಿಸಲು ಹೋಗಿ ಪೆಲೆಯ ಸ್ನಾಯು ಕೈಕೊಟ್ಟಿತು. ವಿಶ್ವಕಪ್‌ನಲ್ಲಿ ಬದಲಿ ಆಟಗಾರರನ್ನು ಇಳಿಸುವ ಅವಕಾಶ ಬಂದದ್ದೇ 1970ರಲ್ಲಿ. ಹಾಗಾಗಿ ಕುಂಟುತ್ತಲೇ ಆ ಪಂದ್ಯ ಮುಗಿಸಿದ, ಆಮೇಲೆ ಟೂರ್ನಿಯುದ್ದಕ್ಕೂ ಮೈದಾನಕ್ಕೆ ಇಳಿಯಲಿಲ್ಲ. ಅವನ ಜಾಗಕ್ಕೆ ಬಂದ ಅಮರಿಲ್ಡೊ ಫೈನಲ್‌ನಲ್ಲಿ ಗೋಲನ್ನೂ ಹೊಡೆದ, ಬ್ರೆಜಿಲ್ 3-1ರಿಂದ ಗೆದ್ದಿತು. ಅಲ್ಲಿಗೆ ಪೆಲೆ ಆಡಿದ ಫೈನಲ್‌ಗಳು 1958 ಮತ್ತು 1970, ಎರಡೇ. ಆಗೆಲ್ಲ ಫೈನಲ್ ಆಡಿದ ಹನ್ನೊಂದು ಮಂದಿಗಷ್ಟೇ ಪದಕ. 1962ರ ಪದಕ ಪೆಲೆಗೆ ಮಂಜೂರಾದದ್ದು 2007ರಲ್ಲಿ, ಫಿಫಾ ಹಳೆಯ ಲೆಕ್ಕವನ್ನೆಲ್ಲ ಸರಿಪಡಿಸಿದಾಗ. ನಲವತ್ತೈದು ವರ್ಷ ತಡವಾಗಿ!

ಮೂರು ಫೈನಲ್‌ಗಳ ಹೊಸ್ತಿಲಿಗೆ ಬಂದು ಒಂದನ್ನು ಕಳೆದುಕೊಂಡವರು ಇನ್ನೂ ಇದ್ದಾರೆ. ಪಶ್ಚಿಮ ಜರ್ಮನಿಯ ಲಿಟ್‌ಬಾರ್ಸ್ಕಿ 1982 ಮತ್ತು 1990ರ ಫೈನಲ್ ಆಡಿದ. ನಡುವಿನ 1986ರ ಫೈನಲ್‌ನಲ್ಲಿ ಮೈದಾನಕ್ಕೆ ಇಳಿಯಲಿಲ್ಲ. ಬ್ರೆಜಿಲ್‌ನ ರೊನಾಲ್ಡೊ 1994ರಲ್ಲಿ ಹದಿನೇಳರ ಹುಡುಗ, ತಂಡದಲ್ಲಿದ್ದ, ಆಡಲಿಲ್ಲ.

ಈಗ ಕಾಫು ವಿಷಯಕ್ಕೆ ಬರೋಣ. ಈ ದಾಖಲೆಯನ್ನು ಬಿಡಿಸಿ ನೋಡಿದರೆ ಪ್ರತಿ ಸಲವೂ ಬೇರೊಬ್ಬನ ಪಾಲು ಅದರಲ್ಲಿ ಕಾಣುತ್ತದೆ. ನನಗೆ ಇದು ಇಷ್ಟವಾಗುವುದೇ ಆ ಕಾರಣಕ್ಕೆ.

1994, ಅಮೆರಿಕದ ಪಸಡೀನಾ. ಎದುರಾಳಿ ಇಟಲಿ. ನಮ್ಮ ಗಡಿಯಾರದಲ್ಲಿ ರಾತ್ರಿ ಒಂದು ಗಂಟೆ. ಅಲ್ಲಿ ನೆತ್ತಿ ಸುಡುವ ಮಧ್ಯಾಹ್ನ. ಬ್ರೆಜಿಲ್‌ನ ಖಾಯಂ ರೈಟ್ ಬ್ಯಾಕ್, ಅಂದರೆ ಬಲದಂಚಿನ ಡಿಫೆಂಡರ್, ಜೊರ್ಜಿನ್ಯೊ. ಕಾಫುಗೆ ಆಗ 24, ಬೆಂಚಿನ ಗಿರಾಕಿ. ಆಟ ಶುರುವಾಗಿ ಇಪ್ಪತ್ತು ನಿಮಿಷ ದಾಟಿತ್ತೋ ಇಲ್ಲವೋ, ಜೊರ್ಜಿನ್ಯೊ ಗಾಯಗೊಂಡು ಹೊರನಡೆದ. ಕಾಫು ಒಳಗೆ ಬಂದ. ಹೆಚ್ಚುವರಿ ಸಮಯ ಸೇರಿ ನೂರಿಪ್ಪತ್ತು ನಿಮಿಷ ಕಳೆದರೂ ಗೋಲಿಲ್ಲ. ಕೊನೆಗೆ ಪೆನಾಲ್ಟಿ ಶೂಟೌಟ್, ಇಟಲಿಯ ಬಾಜ್ಜೊ ಚೆಂಡನ್ನು ಬಾರಿನ ಮೇಲಿಂದ ಹಾರಿಸಿದ ಆ ದೃಶ್ಯ, ಕಪ್ ಬ್ರೆಜಿಲ್‌ಗೆ. ಪೆಲೆ ಗಾಯಗೊಂಡಾಗ ಬದಲಿ ಆಟಗಾರನ ನಿಯಮ ಇರಲಿಲ್ಲ ಎಂದೆನಲ್ಲ, ಅದೇ ನಿಯಮ ಕಾಫುವಿಗೆ ಮೊದಲ ಫೈನಲ್ ಕೊಟ್ಟಿತು.

1998, ಫ್ರಾನ್ಸ್. ಈ ಹೊತ್ತಿಗೆ ರೈಟ್ ಬ್ಯಾಕ್ ಎಂದರೆ ಕಾಫು. ಆದರೆ ಎರಡು ಹಳದಿ ಕಾರ್ಡ್ ತಿಂದು ಸೆಮಿಫೈನಲ್‌ಗೆ ಅಮಾನತಾದ. ನೆದರ್ಲೆಂಡ್ಸ್ ವಿರುದ್ಧ ಆ ಜಾಗದಲ್ಲಿ ನಿಂತವನು ಝೆ ಕಾರ್ಲೋಸ್, ಅದುವರೆಗೆ ಬ್ರೆಜಿಲ್ ಪರ ಒಂದೂ ಪಂದ್ಯ ಆಡದವನು. ಅಂಥವನನ್ನು ಸೀದಾ ವಿಶ್ವಕಪ್ ಸೆಮಿಫೈನಲ್‌ಗೆ ಇಳಿಸಿದರು! ಪಂದ್ಯ 1-1, ಶೂಟೌಟ್‌ನಲ್ಲಿ ಬ್ರೆಜಿಲ್ ಗೋಲ್‌ಕೀಪರ್ ತಫಾರೆಲ್ ಎರಡು ಹೊಡೆತ ತಡೆದ. ಅಂದು ಅವನ ಕೈ ಒಂದಿಷ್ಟು ತಡವಾಗಿದ್ದರೂ ಇಂದು ನೀವು ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಫೈನಲ್‌ಗೆ ಮರಳಿದ ಕಾಫುವಿಗೆ ಸಿಕ್ಕಿದ್ದು ಫ್ರಾನ್ಸ್ ಕೈಯಲ್ಲಿ 3-0 ಸೋಲು. ಝಿದಾನ್ ತಲೆಯಿಂದ ಎರಡು ಗೋಲು, ಹೆಚ್ಚು ಹೇಳುವಂಥದ್ದೇನಿಲ್ಲ.

2002, ಜಪಾನ್–ಕೊರಿಯಾ. ಅರ್ಹತಾ ಸುತ್ತಿನಲ್ಲಿ ಆರು ಪಂದ್ಯ ಸೋತು ಹೆಸರು ಕೆಡಿಸಿಕೊಂಡು ಬಂದ ಬ್ರೆಜಿಲ್. ನಾಯಕ ಎಮರ್ಸನ್. ಟೂರ್ನಿ ಶುರುವಾಗುವ ಮುನ್ನ ಅಭ್ಯಾಸದ ವೇಳೆ ತಮಾಷೆಗೆ ಗೋಲ್‌ಕೀಪರ್ ಆಗಿ ನಿಂತ, ಚೆಂಡಿಗೆ ಹಾರಿದ, ಭುಜ ಕಳಚಿತು. ಅವನು ಮನೆಗೆ, ನಾಯಕನ ಪಟ್ಟಿ ಕಾಫುವಿನ ತೋಳಿಗೆ. ಕೋಚ್ ಸ್ಕೊಲಾರಿ ಹಿಂದೆ ಮೂವರು ಡಿಫೆಂಡರ್‌ಗಳನ್ನು ನಿಲ್ಲಿಸಿ ಬಲದಂಚನ್ನು ಕಾಫುಗೆ, ಎಡದಂಚನ್ನು ರಾಬರ್ಟೊ ಕಾರ್ಲೋಸ್‌ಗೆ ಬರೆದುಕೊಟ್ಟ. ಏಳು ಪಂದ್ಯ, ಏಳೂ ಗೆಲುವು. ಯೊಕೊಹಾಮಾದ ಫೈನಲ್ ನಮ್ಮಲ್ಲಿ ಭಾನುವಾರ ಸಂಜೆ ನಾಲ್ಕೂವರೆಗೆ ಶುರುವಾಯಿತು. ಮೂರು ಫೈನಲ್‌ಗಳಲ್ಲಿ ನಿದ್ದೆಗೆಡದೆ ನೋಡಲು ಸಿಕ್ಕಿದ್ದು ಅದೊಂದೇ. ರೊನಾಲ್ಡೊನ ಎರಡು ಗೋಲು, ಜರ್ಮನಿ ಮನೆಗೆ.

ಹಾಗಾದರೆ ಇದೆಲ್ಲ ಬರೀ ಅದೃಷ್ಟವೇ? ಅಲ್ಲ. ಅದೃಷ್ಟ ಬಾಗಿಲು ತಟ್ಟಿದಾಗ ಮನೆಯಲ್ಲಿ ಇರಬೇಕಲ್ಲ, ಅದೂ ಎಂಟು ವರ್ಷ. 1990ರ ಸೆಪ್ಟೆಂಬರ್‌ನಲ್ಲಿ ಸ್ಪೇನ್ ವಿರುದ್ಧ ಮೊದಲು ಆಡಿದವನು 2006ರವರೆಗೆ ಬ್ರೆಜಿಲ್ ಪರ 142 ಪಂದ್ಯ ಆಡಿದ. ಅಷ್ಟು ಪಂದ್ಯ ಆಡಿದ ಇನ್ನೊಬ್ಬ ಪುರುಷ ಆಟಗಾರ ಆ ದೇಶದಲ್ಲಿಲ್ಲ. ಗೋಲು ಮಾತ್ರ ಐದೇ. ರೈಟ್ ಬ್ಯಾಕ್ ಕೆಲಸ ಅಂಥದ್ದು: ಎದುರಾಳಿಯ ಗೋಲಿನ ಗೆರೆಯವರೆಗೆ ಓಡಿ ಕ್ರಾಸ್ ಕೊಡಬೇಕು, ಚೆಂಡು ಕೈತಪ್ಪಿದರೆ ಅಷ್ಟೇ ದೂರ ವಾಪಸ್ ಓಡಬೇಕು. ಇದನ್ನು ತೊಂಬತ್ತು ನಿಮಿಷ ಮಾಡುತ್ತಿದ್ದವನಿಗೆ ರೋಮ್‌ನವರು ‘ಪೆಂಡೊಲಿನೊ’ ಎಂದು ಅಡ್ಡಹೆಸರಿಟ್ಟರು. ಅದು ಇಟಲಿಯ ವೇಗದ ರೈಲಿನ ಹೆಸರು.

ಬರೀ ಓಟಗಾರ ಎಂದುಕೊಳ್ಳಬೇಡಿ. ಕಾಫು ಆಡುತ್ತಿದ್ದ ರೋಮಾ ಕ್ಲಬ್‌ಗೂ ಅದೇ ನಗರದ ಲಾಜಿಯೊಗೂ ನಡೆದ ಡರ್ಬಿಯ ಒಂದು ತುಣುಕು ಹುಡುಕಿ ನೋಡಿ. ಲಾಜಿಯೊದ ನೆದ್ವೆದ್ ಚೆಂಡು ಕಸಿಯಲು ಬರುತ್ತಾನೆ. ಕಾಫು ಅವನ ತಲೆಯ ಮೇಲಿಂದ ಚೆಂಡನ್ನು ಎತ್ತಿ ದಾಟಿಸುತ್ತಾನೆ. ನೆದ್ವೆದ್ ತಿರುಗುತ್ತಾನೆ, ಚೆಂಡು ಮತ್ತೆ ತಲೆಯ ಮೇಲೆ. ಮತ್ತೆ ತಿರುಗುತ್ತಾನೆ, ಮತ್ತೊಮ್ಮೆ! ನೆದ್ವೆದ್ ಅಂದರೆ ಮುಂದೆ ಯುರೋಪಿನ ವರ್ಷದ ಆಟಗಾರನಾದವನು ಎಂಬುದನ್ನು ಮರೆಯದೆ ನೋಡಿ.

ಕಾಫು ಹುಟ್ಟಿದ್ದು 1970ರ ಜೂನ್ 7ರಂದು, ಪೆಲೆಯ ತಂಡ ಮೆಕ್ಸಿಕೊದಲ್ಲಿ ಇಂಗ್ಲೆಂಡನ್ನು 1-0ರಿಂದ ಸೋಲಿಸಿದ ದಿನ. ಅಪ್ಪ ಅಮ್ಮ ಇಟ್ಟ ಹೆಸರು ಮಾರ್ಕೋಸ್ ಎವಾಂಜೆಲಿಸ್ಟಾ. ಕಫುರಿಂಗಾ ಎಂಬ ಹಳೆಯ ವಿಂಗರ್‌ನನ್ನು ಹೋಲುತ್ತಾನೆಂದು ‘ಕಾಫು’ ಅಂಟಿಕೊಂಡಿತು. ಬೆಳೆದದ್ದು ಸಾವೊ ಪಾಲೊ ನಗರದಂಚಿನ ಜಾರ್ಡಿಂ ಇರೇನೆ ಎಂಬ ಬಡವರ ಬಡಾವಣೆ. ಕ್ಲಬ್‌ಗಳ ಆಯ್ಕೆ ಪಂದ್ಯಗಳಿಂದ ಮತ್ತೆ ಮತ್ತೆ ವಾಪಸ್ ಕಳಿಸಿಕೊಂಡ ಹುಡುಗ. ಕೊನೆಗೆ ಸೇರಿಸಿಕೊಂಡ ಸಾವೊ ಪಾಲೊ ಕ್ಲಬ್‌ನಲ್ಲಿ ಕೋಚ್ ಟೆಲೆ ಸಂತಾನ, ಮುಂದೆ ಆಡುತ್ತಿದ್ದ ಇವನನ್ನು ಹಿಂದಕ್ಕೆ ತಂದು ರೈಟ್ ಬ್ಯಾಕ್ ಮಾಡಿದ. 1992, 1993ರಲ್ಲಿ ಆ ತಂಡ ದಕ್ಷಿಣ ಅಮೆರಿಕದ ಕ್ಲಬ್‌ಗಳ ದೊಡ್ಡ ಟೂರ್ನಿ ಲಿಬರ್ತಡೊರೆಸ್ ಗೆದ್ದಿತು. ಆಮೇಲೆ 2001ರಲ್ಲಿ ರೋಮಾ ಜೊತೆ, 2004ರಲ್ಲಿ ಮಿಲಾನ್ ಜೊತೆ ಇಟಲಿಯ ಲೀಗ್ ಪ್ರಶಸ್ತಿ, 2008ರಲ್ಲಿ ನಿವೃತ್ತಿ.

ಯೊಕೊಹಾಮಾದಲ್ಲಿ ಕಪ್ ಎತ್ತುವ ಹೊತ್ತು ಬಂದಾಗ ಕಾಫು ಉಳಿದವರ ಜೊತೆ ಸಾಲಿನಲ್ಲಿ ನಿಲ್ಲಲಿಲ್ಲ. ಕಪ್ ಇಡುವ ಪೀಠವನ್ನೇ ಹತ್ತಿ ನಿಂತ. ‘ರೆಜಿನಾ, ಐ ಲವ್ ಯೂ’ ಎಂದು ತನ್ನ ಭಾಷೆಯಲ್ಲಿ ಹೆಂಡತಿಗೆ ಕೂಗಿ ಹೇಳಿ ಕಪ್ ಮೇಲೆತ್ತಿದ. ಹಳದಿ ಅಂಗಿಯ ಮೇಲೆ ಪೆನ್ನಿನಲ್ಲಿ ಗೀಚಿದ ಒಂದು ಸಾಲು ಎಲ್ಲ ಕ್ಯಾಮೆರಾಗಳಿಗೂ ಕಾಣುತ್ತಿತ್ತು: ‘100% ಜಾರ್ಡಿಂ ಇರೇನೆ’.