ಡೈರಿ ಡಬ್ಬಕ್ಕೆ ಸಿಸ್ಟಮ್‌ಡಿ ಬೇಕಾ?

ಚಿಂತಾಮಣಿ ಕಡೆ ಹಳ್ಳಿ ಡೈರಿಗಳಲ್ಲಿ ಬೆಳಗ್ಗೆ ಹಾಲು ಹಾಕೋ ಹೊತ್ತಲ್ಲೇ ಕರೆಂಟ್ ಹೋಗಿ ಬರ್ತಿರುತ್ತೆ, ತೂಕ ಫ್ಯಾಟ್ ಬರ್ಕೊಳ್ಳೋ ಡಬ್ಬದೊಳಗೆ ಲಿನಕ್ಸ್ ಇದ್ದು ಬ್ಯಾಟರಿ ಇಲ್ದಿದ್ರೆ ಅದು ಪ್ರತಿ ಸಲ ಮೊದಲಿಂದ ಏಳ್ಬೇಕು, ಎದುರಿಗೆ ಕ್ಯಾನ್ ಹಿಡ್ಕೊಂಡು ಜನ ನಿಂತಿರ್ತಾರೆ. ಲಿನಕ್ಸಿನ ತಿರುಳಾದ ಕರ್ನಲ್ ಎದ್ದ ಮೇಲೆ ಮೊದಲು ಓಡೋ ಪ್ರೋಗ್ರಾಂಗೆ ಇನಿಟ್ ಅಂತಾರೆ, ಮಿಕ್ಕಿದ್ದನ್ನೆಲ್ಲ ಎಬ್ಬಿಸೋದು ಅದೇ. 2010ರಲ್ಲಿ ಲೆನಾರ್ಟ್ ಪಾಟರಿಂಗ್, ಕೇ ಸೀವರ್ಸ್ ಶುರು ಮಾಡಿದ ಸಿಸ್ಟಮ್‌ಡಿ ಅಂಥದ್ದೇ ಒಂದು ಇನಿಟ್, ಈಗ ಡೆಬಿಯನ್, ಫೆಡೋರಾ, ರಾಸ್ಪ್‌ಬೆರಿ ಪೈ ಓಎಸ್ ಅನ್ನೋ ಲಿನಕ್ಸ್‌ಗಳೆಲ್ಲದರಲ್ಲೂ ಡೀಫಾಲ್ಟ್. ಸಣ್ಣ ಬೋರ್ಡಿಗೆ ಇದು ಭಾರ ಅನ್ನೋ ಜಗಳವೂ ನಡೀತಾನೇ ಇದೆ.

ಭಾರ ಅನ್ನೋದು ಸುಳ್ಳೇನಲ್ಲ. ಬೇಡದ್ದನ್ನ ಬಿಲ್ಡ್ ಮಾಡುವಾಗ್ಲೇ ತೆಗೀಬಹುದು, ಆದ್ರೂ 32 ಎಂಬಿ ರ‍್ಯಾಮ್, 8 ಎಂಬಿ ಫ್ಲಾಶ್ ಇರೋ ಹಳೇ ರೂಟರ್ ಥರದ್ದಕ್ಕೆ ಇದನ್ನ ತುರುಕೋದು ದಂಡ. ರೂಟರ್‌ಗಳಿಗಂತಲೇ ಇರೋ ಲಿನಕ್ಸ್ ಓಪನ್‌ಡಬ್ಲ್ಯೂಆರ್‌ಟಿ ತನ್ನದೇ ಪ್ರೊಕ್‌ಡಿ ಅನ್ನೋ ಇನಿಟ್ ಇಟ್ಕೊಂಡಿದೆ, ಸಣ್ಣ ಬೋರ್ಡಿಗೆ ಲಿನಕ್ಸ್ ಕಟ್ಟಿಕೊಡೋ ಬಿಲ್ಡ್‌ರೂಟ್ ಡೀಫಾಲ್ಟಾಗಿ ಬಿಜಿಬಾಕ್ಸ್ ಅನ್ನೋ ಪುಟ್ಟ ಟೂಲ್ ಕಟ್ಟಿನ ಇನಿಟ್ ಹಾಕುತ್ತೆ.

ಆದ್ರೆ 512 ಎಂಬಿ ರ‍್ಯಾಮ್ ಇರೋ ರಾಸ್ಪ್‌ಬೆರಿ ಪೈ ಜೀರೋ ಅನ್ನೋ ಪುಟ್ಟ ಬೋರ್ಡ್ ಮೇಲೆ ಮೆಮೊರಿ ಲೆಕ್ಕ ಹಾಕ್ತಾ ಕೂರೋದು ನಂಗಂತೂ ಅರ್ಥ ಆಗಲ್ಲ. ಅಲ್ಲಿ ತಡ ಆಗೋದು ಬೇರೆ ಕಾರಣಕ್ಕೆ. ಪ್ರೋಗ್ರಾಂ ಯಾವಾಗ ಶುರು ಆಗ್ಬೇಕು ಅಂತ ಸಿಸ್ಟಮ್‌ಡಿಗೆ ಹೇಳೋ ಸರ್ವೀಸ್ ಫೈಲಲ್ಲಿ ಯಾರೋ 'ನೆಟ್‌ವರ್ಕ್ ಬಂದ ಮೇಲೆ ಶುರು ಮಾಡು' ಅಂತ ಬರೆದಿರ್ತಾರೆ, ಹಳ್ಳೀಲಿ ಸಿಗ್ನಲ್ ಇರಲ್ಲ, ನೆಟ್‌ವರ್ಕ್ ನೋಡ್ಕೊಳ್ಳಕ್ಕೆ ಸಿಸ್ಟಮ್‌ಡಿಯ ನೆಟ್‌ವರ್ಕ್‌ಡಿ ಬಳಸ್ತಿದ್ರೆ ಅದು ಡೀಫಾಲ್ಟ್ 120 ಸೆಕೆಂಡ್ ಕಾಯುತ್ತೆ, ಅಷ್ಟೊತ್ತೂ ಸ್ಕ್ರೀನ್ ಖಾಲಿ. ಹಾಲು ತೂಗಕ್ಕೆ ಇಂಟರ್ನೆಟ್ ಯಾಕ್ರೀ? ಒಳಗೇ ಬರ್ದಿಟ್ಕೊಂಡು ಆಮೇಲೆ ಕಳಿಸಿದ್ರಾಯ್ತು. ಯಾವ ಸರ್ವೀಸ್ ಎಷ್ಟೊತ್ತು ತಿಂತು ಅಂತ 'ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್' ಹೊಡೆದ್ರೆ ಅದೇ ತೋರಿಸುತ್ತೆ.

ನಾನು ಸಿಸ್ಟಮ್‌ಡಿ ಕಡೆ ವಾಲೋದು ಬೂಟ್ ಆದ ಮೇಲಿನ ಕಥೆಗೆ. ಶ್ರೀನಿವಾಸಪುರದ ಮಾವಿನ ತೋಟದಲ್ಲಿ, ಬೋರ್‌ವೆಲ್ ಶೆಡ್ಡಲ್ಲಿ ಒಂದು ಡ್ರಿಪ್ ಕಂಟ್ರೋಲರ್ ಇದೆ ಅಂತ ಇಟ್ಕೊಳ್ಳಿ, ನೋಡ್ಕೊಳ್ಳೋರು ಯಾರೂ ಇಲ್ಲ. ಪ್ರೋಗ್ರಾಂ ಸತ್ತರೆ ಮತ್ತೆ ಎಬ್ಬಿಸೋದು ಬಿಜಿಬಾಕ್ಸ್‌ಗೂ ಬರುತ್ತೆ, ಇನಿಟ್‌ಟ್ಯಾಬ್ ಅನ್ನೋ ಸೆಟ್ಟಿಂಗ್ ಫೈಲಲ್ಲಿ ರೀಸ್ಪಾನ್ ಅಂತ ಒಂದು ಸಾಲು ಸಾಕು. ಸಾಯದೆ ಸುಮ್ನೆ ಹ್ಯಾಂಗ್ ಆಗಿ ಕೂತ್ರೆ? ಸಿಸ್ಟಮ್‌ಡೀಲಿ ಸೆಟ್ಟಿಂಗ್ ಆನ್ ಮಾಡಿದ್ರೆ ಪ್ರೋಗ್ರಾಂ ಆಗಾಗ 'ಬದುಕಿದೀನಿ' ಅಂತ ಹೇಳ್ತಿರ್ಬೇಕು, ಹೇಳ್ಲಿಲ್ಲ ಅಂದ್ರೆ ಕೊಂದು ಹೊಸದಾಗಿ ಶುರು ಮಾಡುತ್ತೆ, ಸಿಸ್ಟಮ್‌ಡಿಯೇ ಕೈ ಕೊಟ್ರೆ ಅದನ್ನೂ ಆನ್ ಮಾಡಿದ್ರೆ ಬೋರ್ಡಿನ ಹಾರ್ಡ್‌ವೇರ್ ವಾಚ್‌ಡಾಗ್ ಅನ್ನೋ ಕಾವಲು ಟೈಮರ್ ಇಡೀ ಬೋರ್ಡನ್ನೇ ರೀಸೆಟ್ ಮಾಡುತ್ತೆ.

ಎಸ್‌ಡಿ ಕಾರ್ಡ್ ಸವೀಬಾರ್ದು ಅಂತ ಸಿಸ್ಟಮ್‌ಡಿ ಲಾಗ್ ಬರೆಯೋ ಜರ್ನಲ್‌ನ ವೋಲಟೈಲ್ ಮಾಡೋರು ಇನ್ನೊಂದು ನೆನಪಿಟ್ಕೊಳ್ಳಿ, ಆಗ ಲಾಗ್ ಇರೋದು ರ‍್ಯಾಮಲ್ಲಿ ಮಾತ್ರ, ಕರೆಂಟ್ ಹೋದ್ರೆ ಅದೂ ಹೋಯ್ತು, ಹಾಗಾಗಿ ಮುಖ್ಯವಾದ ಎರರ್‌ಗಳನ್ನ ಬೇರೆ ಫೈಲಿಗೆ ಬರ್ಕೊಳ್ಳೋ ಹಾಗೆ ಪ್ರೋಗ್ರಾಂ ಬರೆಯೋರೇ ಮಾಡ್ಬೇಕು.