ಕಡಲನ್ನು ಓದಬೇಕು ಅನ್ನುವ ಮಕ್ಕಳಿಗೆ

ಪಿಯುಸಿ ರಿಸಲ್ಟ್ ಬಂದ ಮೇಲೆ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. "ಮಗಳು ಮರೈನ್ ಸೈನ್ಸ್ ಮಾಡ್ತೇನೆ ಅಂತಿದ್ದಾಳೆ, ಯಾವ ಕಾಲೇಜು ಒಳ್ಳೆಯದು ಸರ್?" ಕಾಲೇಜಿನ ಹೆಸರು ಹೇಳುವ ಮೊದಲು ನಾನು ತಿರುಗಿ ಕೇಳುತ್ತೇನೆ: ಅವಳಿಗೆ ಶಾಲೆಯಲ್ಲಿ ಯಾವ ವಿಷಯ ಇಷ್ಟ? ಫಿಸಿಕ್ಸಾ, ಕೆಮಿಸ್ಟ್ರಿಯಾ, ಬಯಾಲಜಿಯಾ, ಗಣಿತವಾ? ಇದಕ್ಕೆ ಉತ್ತರ ಸಿಕ್ಕಿದರೆ ಕಾಲೇಜು ತಾನಾಗಿ ಸಿಗುತ್ತದೆ.

ಮರೈನ್ ಸೈನ್ಸ್ ಅನ್ನುವುದು ಒಂದು ವಿಷಯದ ಹೆಸರಲ್ಲ. ಹಲವು ವಿಷಯದವರು ಬಂದು ಸೇರುವ ಜಾಗ ಅದು. ಅಲ್ಲಿಗೆ ಬರುವಾಗ ಯಾವುದಾದರೂ ಒಂದರಲ್ಲಿ ಗಟ್ಟಿಯಾಗಿ ಬರಬೇಕು. ಎಲ್ಲವೂ ಸ್ವಲ್ಪ ಸ್ವಲ್ಪ ಗೊತ್ತು, ಯಾವುದೂ ಪೂರ್ತಿ ಗೊತ್ತಿಲ್ಲ ಅಂತ ಬಂದವರು ಕಷ್ಟಪಡುವುದನ್ನು ನಾನು ನೋಡುತ್ತಲೇ ಇದ್ದೇನೆ.

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡೋಣ. ಮರೈನ್ ಇಂಜಿನಿಯರಿಂಗ್, ನಾಟಿಕಲ್ ಸೈನ್ಸ್ ಎಂದರೆ ಹಡಗು ನಡೆಸುವ ಕೆಲಸ. ಅದರ ಪರೀಕ್ಷೆ ಬೇರೆ, ಸಂಬಳ ಬೇರೆ, ಬದುಕೇ ಬೇರೆ. ಒಳ್ಳೆಯ ಕೆಲಸವೇ, ಆದರೆ ಇಲ್ಲಿ ನಾನು ಹೇಳುತ್ತಿರುವುದು ಅದಲ್ಲ. ಹೆಸರು ನೋಡಿ ಅರ್ಜಿ ಹಾಕಿ, ಫೀಸು ಕಟ್ಟಿದ ಮೇಲೆ ಗೊತ್ತಾದವರೂ ಇದ್ದಾರೆ.

ಹಾಗಾದರೆ ಸಮುದ್ರ ವಿಜ್ಞಾನಿ ಮಾಡುವುದೇನು? ನಮ್ಮ ಬೂತಾಯಿ ಮೀನನ್ನೇ ತೆಗೆದುಕೊಳ್ಳಿ. ಮಂಗಳೂರಿನವರಿಗೆ ಬೂತಾಯಿ, ಕಾರವಾರದವರಿಗೆ ತಾರ್ಲೆ. ಬಡವರ ಊಟದ ಮೀನು ಅದು. 2012ರಲ್ಲಿ ಕೇರಳವೊಂದರಲ್ಲೇ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಅದೇ ಕೇರಳದಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಹತ್ತು ವರ್ಷದೊಳಗೆ ನೂರು ಪಾಲಿಗೆ ಒಂದು ಪಾಲು ಕೂಡ ಉಳಿಯಲಿಲ್ಲ. ಎಲ್ಲಿ ಹೋಯಿತು?

ಇದಕ್ಕೆ ಬಯಾಲಜಿ ಓದಿದವರೊಬ್ಬರೇ ಉತ್ತರ ಕೊಡಲಾರರು. ಮಳೆಗಾಲದಲ್ಲಿ ನಮ್ಮ ಕರಾವಳಿಯುದ್ದಕ್ಕೂ ಬೀಸುವ ಗಾಳಿ ಮತ್ತು ಭೂಮಿಯ ತಿರುಗುವಿಕೆ ಸೇರಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ. ಆ ಜಾಗ ತುಂಬಲು ಕೆಳಗಿನ ತಣ್ಣನೆಯ ನೀರು ಮೇಲೆ ಬರುತ್ತದೆ. ಇಲ್ಲಿವರೆಗೆ ಫಿಸಿಕ್ಸ್. ಆ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಜಾಸ್ತಿ, ಆಮ್ಲಜನಕ ಕಡಿಮೆ. ಇದು ಕೆಮಿಸ್ಟ್ರಿ. ಆ ಗೊಬ್ಬರ ಉಂಡು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಾದ ಡಯಾಟಮ್‌ಗಳು ಹೆಚ್ಚುತ್ತವೆ, ಅವನ್ನು ತಿಂದು ಬೂತಾಯಿ ಕೊಬ್ಬುತ್ತದೆ, ಮೊಟ್ಟೆ ಇಡುತ್ತದೆ. ಇದು ಬಯಾಲಜಿ. ಮೇಲೆ ಬರುವ ನೀರು ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ ಬಂದ ವರ್ಷ ಲೆಕ್ಕವೇ ಬದಲಾಗುತ್ತದೆ. ಅದರ ಮೇಲೆ, ಇನ್ನೂ ಮೊಟ್ಟೆ ಇಡದ ಮರಿಗಳನ್ನೇ ಬಲೆ ಎಳೆದು ತಂದರೆ ಮುಂದಿನ ವರ್ಷಕ್ಕೆ ಉಳಿಯುವುದೇನು? ಯಾವ ಕಾರಣದ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಸಂಖ್ಯಾಶಾಸ್ತ್ರ ಬೇಕೇ ಬೇಕು.

ಇದೇ ನೀರಿಗೆ ಇನ್ನೊಂದು ಮುಖವೂ ಇದೆ. ಮಳೆಗಾಲದ ಕೊನೆಗೆ ಗೋವಾ, ಕಾರವಾರದ ಎದುರು ತಳದ ನೀರಿನಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, ಎಲ್ಲರೂ ಎನ್‌ಐಒ ಅನ್ನುತ್ತಾರೆ, ಅಲ್ಲಿನ ಎಸ್.ಡಬ್ಲ್ಯೂ.ಎ. ನಖ್ವಿ ಮತ್ತು ಅವರ ಜೊತೆಗಾರರು 2000ದಲ್ಲಿ ಇದನ್ನು ಜಗತ್ತಿನ ಮುಂದಿಟ್ಟರು. ನಮ್ಮ ಮನೆ ಬಾಗಿಲಲ್ಲೇ ಇಷ್ಟು ದೊಡ್ಡ ಪ್ರಶ್ನೆಗಳಿವೆ. ಹವಳ, ಡಾಲ್ಫಿನ್ ನೋಡಲು ದೂರದ ದೇಶಕ್ಕೇ ಹೋಗಬೇಕು ಎಂದುಕೊಂಡ ಮಕ್ಕಳಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ.

ಈಗ ದಿನದ ಕೆಲಸ ಹೇಗಿರುತ್ತದೆ ನೋಡಿ. ಬೆಳಿಗ್ಗೆ ದಕ್ಕೆಯಲ್ಲಿ, ಅಂದರೆ ಬೋಟು ನಿಲ್ಲುವ ಕಟ್ಟೆಯಲ್ಲಿ, ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟು ಬಂದು ನಿಂತಿದೆ. ಬುಟ್ಟಿಗಳು ಇಳಿಯುತ್ತಿವೆ, ಹರಾಜು ಶುರುವಾಗಿದೆ. ನೀವು ಮೊದಲು ಬೋಟು ನಡೆಸುವ ತಂಡೇಲರನ್ನು ಮಾತಾಡಿಸಬೇಕು. ಎಷ್ಟು ಮಾರು ಆಳದಲ್ಲಿ ಬಲೆ ಬಿಟ್ಟಿರಿ, ಯಾವ ದಿಕ್ಕಿಗೆ ಹೋಗಿದ್ದಿರಿ, ಎಷ್ಟು ಹೊತ್ತು ಹಿಡಿಯಿತು, ಬಲೆಯ ಕಣ್ಣು ಎಷ್ಟು. ಆಮೇಲೆ ಮೀನು. ದಪ್ಪದ್ದು, ಚೆಂದದ್ದು ಆರಿಸುವಂತಿಲ್ಲ. ಬುಟ್ಟಿಯಲ್ಲಿ ಕೈಗೆ ಬಂದದ್ದನ್ನು ಬಂದ ಹಾಗೆ ತೆಗೆಯಬೇಕು. ಹೊಸಬರ ಕೈ ತಮಗೇ ಗೊತ್ತಿಲ್ಲದೆ ದೊಡ್ಡ ಮೀನಿನ ಕಡೆ ಹೋಗುತ್ತದೆ. ಅಲ್ಲಿ ತಪ್ಪಿದರೆ ಆಮೇಲೆ ಯಾವ ಕಂಪ್ಯೂಟರೂ ಸರಿಮಾಡಲಾರದು.

ಪ್ರತಿ ಮೀನನ್ನೂ ಅಳತೆ ಹಲಗೆಯ ಮೇಲೆ ಮಲಗಿಸಿ, ಮೂತಿಯಿಂದ ಬಾಲದ ತುದಿವರೆಗೆ ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ಬರೆಯುವುದು ಪೆನ್ಸಿಲ್‌ನಲ್ಲಿ, ನೀರು ಬಿದ್ದರೆ ಪೆನ್ನಿನ ಶಾಯಿ ಹರಡುತ್ತದೆ. ಲ್ಯಾಬಿಗೆ ತಂದು ಹೊಟ್ಟೆ ಸೀಳಿ, ಮೊಟ್ಟೆಚೀಲ ಎಷ್ಟು ಬಲಿತಿದೆ ನೋಡುತ್ತೇವೆ. ಬೂತಾಯಿ ಸುಮಾರು 15 ಸೆಂಟಿಮೀಟರ್ ಆಗುವಾಗ ಮೊಟ್ಟೆ ಇಡುವ ಹಂತಕ್ಕೆ ಬರುತ್ತದೆ. ದಕ್ಕೆಗೆ ಬಂದ ಮೀನು ಹೆಚ್ಚಾಗಿ ಅದಕ್ಕಿಂತ ಚಿಕ್ಕದಿದ್ದರೆ ಎಚ್ಚರಿಕೆ ಎಂದೇ ಅರ್ಥ. ಇನ್ನು ತಲೆಯೊಳಗೆ ಕಿವಿಗಲ್ಲು ಇರುತ್ತದೆ. ಬೂತಾಯಿಯದು ಕೆಲವೇ ಮಿಲಿಮೀಟರ್, ಹೊರಗೆ ತೆಗೆಯಲು ಕೈ ನಡುಗಬಾರದು. ಅದನ್ನು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಒಂದರ ಹೊರಗೊಂದು ಉಂಗುರಗಳು ಕಾಣುತ್ತವೆ. ದಿನಕ್ಕೊಂದರಂತೆ ಬೆಳೆದ ಉಂಗುರಗಳು. ಅವನ್ನು ಎಣಿಸಿದರೆ ಮೀನು ಹುಟ್ಟಿದ ತಿಂಗಳು ಹೇಳಬಹುದು. ನನಗೆ ಈ ಕೆಲಸದ ಮೇಲೆ ಇಂದಿಗೂ ಪ್ರೀತಿ ಕಡಿಮೆಯಾಗಿಲ್ಲ.

ಬಂದ ಮೀನನ್ನೆಲ್ಲ ತೂಗಲು ಯಾರಿಂದಲೂ ಆಗುವುದಿಲ್ಲ. ಕೆಲವು ಬಂದರು, ಕೆಲವು ದಿನ, ಕೆಲವು ಬೋಟು ಆರಿಸಿ ನೋಡಿ, ಅದರಿಂದ ಇಡೀ ರಾಜ್ಯದ ಲೆಕ್ಕ ಕಟ್ಟುತ್ತಾರೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ದಶಕಗಳಿಂದ ಇದನ್ನು ಮಾಡುತ್ತಾ ಬಂದಿದೆ. 1947ರಲ್ಲಿ ಶುರುವಾದ ಸಂಸ್ಥೆ, ಕೇಂದ್ರ ಕಚೇರಿ ಕೊಚ್ಚಿಯಲ್ಲಿ. ಮಂಗಳೂರು, ಕಾರವಾರಗಳಲ್ಲೂ ಅದರ ಕೇಂದ್ರಗಳಿವೆ. ಗಣಿತ ಬೇಡ ಅಂತ ಬಯಾಲಜಿಗೆ ಬಂದೆ ಎನ್ನುವ ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಬೇಕು. ಸಂಖ್ಯೆ ಕಂಡರೆ ಓಡುವವರಿಗೆ ಈ ಕ್ಷೇತ್ರದಲ್ಲಿ ಬೆಳೆಯುವುದು ಬಹಳ ಕಷ್ಟ. ಪಿಯುಸಿಯಲ್ಲಿ ಸಾಧ್ಯವಾದರೆ ಪಿಸಿಎಂಬಿ ತೆಗೆದುಕೊಳ್ಳಿ. ಗಣಿತ ಬಿಟ್ಟಾಗಿದ್ದರೆ ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರವನ್ನಾದರೂ ಹಿಡಿಯಿರಿ. ಆರ್ ಅಥವಾ ಪೈಥಾನ್, ಈ ಎರಡು ಕಂಪ್ಯೂಟರ್ ಭಾಷೆಗಳಲ್ಲಿ ಒಂದು ಬರಲೇಬೇಕು.

ಇನ್ನು ದಾರಿಗಳು. ಮೀನು, ಮೀನು ಸಾಕಣೆ, ಮೀನುಗಾರಿಕೆ ಇಷ್ಟವಿದ್ದರೆ ಮಂಗಳೂರಿನ ಮೀನುಗಾರಿಕಾ ಕಾಲೇಜು. 1969ರಲ್ಲಿ ಶುರುವಾದದ್ದು, ಈಗ ಬೀದರಿನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗಿದೆ. ಮೀನುಗಾರಿಕಾ ವಿಜ್ಞಾನದಲ್ಲಿ ನಾಲ್ಕು ವರ್ಷದ ಪದವಿ ಬಿಎಫ್‌ಎಸ್‌ಸಿ, ಸೀಟು ಸಿಇಟಿ ಮೂಲಕ. ಒಂದು ವಿಷಯ ಮೊದಲೇ ತಿಳಿದಿರಲಿ. ಮುಂದೆ ಎಂಎಫ್‌ಎಸ್‌ಸಿ ಮಾಡಬೇಕಾದರೆ ಸಾಮಾನ್ಯವಾಗಿ ಬಿಎಫ್‌ಎಸ್‌ಸಿಯನ್ನೇ ಕೇಳುತ್ತಾರೆ. ಬಿಎಸ್‌ಸಿ ಜುವಾಲಜಿ ಮಾಡಿದವರಿಗೆ ಆ ಬಾಗಿಲು ಹೆಚ್ಚಾಗಿ ಮುಚ್ಚಿರುತ್ತದೆ, ಅವರು ಎಂಎಸ್‌ಸಿ ಮರೈನ್ ಬಯಾಲಜಿ ಕಡೆ ಬರಬೇಕು. ಅದಕ್ಕೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗವಿದೆ. ಕಾಳಿ ನದಿ ಸಮುದ್ರ ಸೇರುವ ಜಾಗ ಪಕ್ಕದಲ್ಲೇ. ಅಳಿವೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಮರಳ ದಡ, ಬಂಡೆ ದಡ ಎಲ್ಲವೂ ಹತ್ತಿರದಲ್ಲಿ ಸಿಗುವ ಇಂಥ ಊರು ಓದಲು ಸಿಗುವುದು ಭಾಗ್ಯ. ರಾಜ್ಯದ ಹೊರಗೆ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯ, ತಮಿಳುನಾಡಿನ ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರ, ಗೋವಾ ವಿಶ್ವವಿದ್ಯಾಲಯ, ಬಿಎಫ್‌ಎಸ್‌ಸಿ ಆದವರಿಗೆ ಮುಂಬೈಯ ಮೀನುಗಾರಿಕಾ ಸಂಸ್ಥೆ ಸಿಐಎಫ್‌ಇ ಇವೆ.

ಕಲ್ಲು, ಮಣ್ಣು ಇಷ್ಟವಿದ್ದವರು ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮರೈನ್ ಜಿಯಾಲಜಿ ನೋಡಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಮುದ್ರ ವಿಭಾಗದ ಮುಖ್ಯ ಕಚೇರಿ ಇರುವುದು ಮಂಗಳೂರಿನಲ್ಲೇ. ಅವರ ಸಂಶೋಧನಾ ಹಡಗು ಸಮುದ್ರ ರತ್ನಾಕರ. ಅಲ್ಲಿಗೆ ಹೋಗಲು ಯುಪಿಎಸ್‌ಸಿಯ ಜಿಯೋ ಸೈಂಟಿಸ್ಟ್ ಪರೀಕ್ಷೆ ಬರೆಯಬೇಕು. ಊರಲ್ಲೇ ಇದ್ದರೂ ಬಹಳ ವಿದ್ಯಾರ್ಥಿಗಳಿಗೆ ಇದು ಗೊತ್ತಿಲ್ಲ.

ಫಿಸಿಕ್ಸ್, ಇಂಜಿನಿಯರಿಂಗ್ ಮಕ್ಕಳಿಗಂತೂ ಈಗ ಒಳ್ಳೆಯ ಕಾಲ. ಸುರತ್ಕಲ್‌ನ ಎನ್‌ಐಟಿಕೆ ಇದೆ, ಮದ್ರಾಸ್ ಐಐಟಿಯಲ್ಲಿ ಓಷನ್ ಇಂಜಿನಿಯರಿಂಗ್ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನದ ಕೇಂದ್ರವೇ ಇದೆ, ಮುಂಗಾರು ಮತ್ತು ಬಂಗಾಳ ಕೊಲ್ಲಿಯ ಸಂಬಂಧವನ್ನು ಅಲ್ಲಿ ಓದುತ್ತಾರೆ. ಚೆನ್ನೈನ ಸಮುದ್ರ ತಂತ್ರಜ್ಞಾನ ಸಂಸ್ಥೆ ಎನ್‌ಐಒಟಿ ಮೂವರನ್ನು 6,000 ಮೀಟರ್ ಆಳಕ್ಕೆ ಕರೆದೊಯ್ಯುವ ಮತ್ಸ್ಯ 6000 ನೌಕೆಯನ್ನು ಕಟ್ಟುತ್ತಿದೆ. ಹೈದರಾಬಾದಿನ ಸಮುದ್ರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಸುನಾಮಿ ಎಚ್ಚರಿಕೆ ಕೊಡುತ್ತದೆ. ನೀರಿನ ಬಿಸಿ ಮತ್ತು ಬಣ್ಣವನ್ನು ಉಪಗ್ರಹದಿಂದ ನೋಡಿ, ಮೀನು ಎಲ್ಲಿ ಸಿಗಬಹುದು ಎಂದು ಮೀನುಗಾರರಿಗೂ ತಿಳಿಸುತ್ತದೆ.

ಹೈದರಾಬಾದಿಗೆ ಸಮುದ್ರವೇ ಇಲ್ಲ, ಅಲ್ವಾ? ಬೆಂಗಳೂರಿಗೂ ಇಲ್ಲ. ಹಾಗಾಗಿ ಕಲಬುರಗಿ, ವಿಜಯಪುರ, ಚಿತ್ರದುರ್ಗದ ಮಕ್ಕಳು ಹಿಂಜರಿಯಬೇಕಾಗಿಲ್ಲ. ಅದಿತಿ ಪಂತ್ ಹುಟ್ಟಿದ್ದು ನಾಗಪುರದಲ್ಲಿ, ಅಲ್ಲಿಂದ ಯಾವ ಕಡಲೂ ಹತ್ತಿರವಿಲ್ಲ. ಅವರು ಸಮುದ್ರ ವಿಜ್ಞಾನಿಯಾಗಿ ಎನ್‌ಐಒ ಸೇರಿದರು. 1983ರ ಅಂಟಾರ್ಕ್ಟಿಕಾ ಯಾತ್ರೆಯಲ್ಲಿ ಹೋದ ಮೊದಲ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರಾದರು. ಈಗಂತೂ ಮನೆಯಲ್ಲೇ ಕೂತು ಕಡಲಿನ ಅಂಕಿಅಂಶ ನೋಡಬಹುದು. ಆರ್ಗೊ ಎಂಬ ತೇಲುವ ಉಪಕರಣಗಳು ಜಗತ್ತಿನ ಸಮುದ್ರಗಳಲ್ಲಿ ಸುಮಾರು 4,000 ಇವೆ. ಪ್ರತಿಯೊಂದೂ ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳಕ್ಕೆ ಇಳಿದು, ಮೇಲೆ ಬರುತ್ತಾ ನೀರಿನ ಬಿಸಿ, ಉಪ್ಪಿನಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತದೆ. ಆ ಮಾಹಿತಿ ಎಲ್ಲರಿಗೂ ಉಚಿತ. ಅರಬ್ಬಿ ಸಮುದ್ರದ ಒಂದು ಆರ್ಗೊ ಆರಿಸಿ, ಅದರ ಒಂದು ವರ್ಷದ ಅಂಕಿಗಳನ್ನು ನಕ್ಷೆ ಮಾಡಿ. ಮುಂಗಾರಿಗೆ ಮೊದಲು, ಮುಂಗಾರಿನ ಆಮೇಲೆ ಏನು ಬದಲಾಯಿತು ನೋಡಿ. ಸಂದರ್ಶನದಲ್ಲಿ ಹತ್ತು ಸರ್ಟಿಫಿಕೇಟಿಗಿಂತ ಇಂಥ ಒಂದು ಕೆಲಸಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಸ್ಕೂಬಾ ಕಲಿಯಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹವಳ, ಬಂಡೆ ಜೀವಿಗಳ ಮೇಲೆ ಕೆಲಸ ಮಾಡುವವರಿಗೆ ಬೇಕು, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಕಲಿಯಬಹುದು. ಉಳಿದವರಿಗೆ ಅದು ಬರೀ ಖರ್ಚು. ಈಜು ಮಾತ್ರ ಎಲ್ಲರೂ ಕಲಿಯಿರಿ.

ದುಡ್ಡಿನ ವಿಷಯ ಮುಚ್ಚಿಡಬಾರದು. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆ ಬರೆದು, ಪಿಎಚ್‌ಡಿ ಮಾಡಲು ಕೊಡುವ ಫೆಲೋಶಿಪ್ ಆದ ಜೆಆರ್‌ಎಫ್ ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಪಿಎಚ್‌ಡಿ ಮುಗಿಯಲು ಐದು ವರ್ಷವಾದರೂ ಹಿಡಿಯುತ್ತದೆ. ಕಾಯಂ ವಿಜ್ಞಾನಿ ಹುದ್ದೆಗಳು ಕಡಿಮೆ. ನಡುವೆ ಪ್ರಾಜೆಕ್ಟ್ ಕೆಲಸಗಳು, ಪ್ರಾಜೆಕ್ಟ್ ಮುಗಿದರೆ ಸಂಬಳವೂ ಮುಗಿಯಿತು. ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲದ ಮಕ್ಕಳಿಗೆ ನಾನು ಬಿಎಫ್‌ಎಸ್‌ಸಿ ದಾರಿಯನ್ನೇ ಹೇಳುತ್ತೇನೆ. ಮೀನುಗಾರಿಕೆ ಇಲಾಖೆ, ಬ್ಯಾಂಕು, ಸಿಗಡಿ ಮರಿ ಕೇಂದ್ರ, ರಫ್ತು ಘಟಕ ಹೀಗೆ ಬೇಗ ಕೆಲಸ ಹಿಡಿಯುವ ಅವಕಾಶ ಅಲ್ಲಿ ಜಾಸ್ತಿ. ಸಮುದ್ರ ತಳದ ಸರ್ವೆ ಮಾಡುವ ಖಾಸಗಿ ಕಂಪನಿಗಳೂ ಇವೆ, ಶಬ್ದದಿಂದ ತಳ ಅಳೆಯುವ ಸೋನಾರ್ ಮತ್ತು ಕಂಪ್ಯೂಟರ್ ನಕ್ಷೆಯ ಜಿಐಎಸ್ ಬಲ್ಲವರನ್ನು ಅವರು ಹುಡುಕುತ್ತಿರುತ್ತಾರೆ.

ಹೆಣ್ಣುಮಕ್ಕಳ ತಂದೆ ತಾಯಿಗೆ ಒಂದು ಮಾತು. ಸಂಶೋಧನಾ ಹಡಗುಗಳಲ್ಲಿ ಹೆಣ್ಣುಮಕ್ಕಳು ವಾರಗಟ್ಟಲೆ ಕೆಲಸ ಮಾಡುತ್ತಾರೆ, ಅದು ಈಗ ಹೊಸತಲ್ಲ. ಮೀನುಗಾರಿಕೆ ಬೋಟಿನಲ್ಲಿ ಹೋಗುವುದು ಇನ್ನೂ ಸುಲಭವಿಲ್ಲ. ಅದು ಅವರ ಕೊರತೆಯಲ್ಲ, ಬೋಟಿನಲ್ಲಿ ಅನುಕೂಲಗಳೇ ಇಲ್ಲ. ಗೈಡ್ ಆದವರು ಇದನ್ನು ಮೊದಲೇ ಯೋಚಿಸಿ ಬೇರೆ ಏರ್ಪಾಡು ಮಾಡಬೇಕು, ವಿದ್ಯಾರ್ಥಿನಿಯ ಮೇಲೆ ಹಾಕಬಾರದು. ದಕ್ಕೆಯಲ್ಲಿ ಮೀನು ಮಾರುವ ಅಕ್ಕಂದಿರ ಜೊತೆ ಸ್ನೇಹ ಬೆಳೆಸಿಕೊಳ್ಳಲು ಹೇಳಿ. ಯಾವ ಮೀನು ಯಾವ ತಿಂಗಳು ಬರುವುದು ನಿಂತಿತು ಎಂದು ಅವರಷ್ಟು ಚೆನ್ನಾಗಿ ಹೇಳುವವರು ಕಡಿಮೆ.

ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ನೆನೆದು ಹೆದರುತ್ತಾರೆ. ಸಂಶೋಧನಾ ಲೇಖನಗಳು ಇಂಗ್ಲಿಷಿನಲ್ಲೇ ಇವೆ, ಅದನ್ನು ಓದಲು, ಬರೆಯಲು ಕಲಿಯಲೇಬೇಕು. ವಾರಕ್ಕೊಂದು ಲೇಖನ ಓದಿ, ಅದರ ಸಾರವನ್ನು ಕನ್ನಡದಲ್ಲೇ ನಾಲ್ಕು ಸಾಲು ಬರೆದಿಡಿ. ವರ್ಷ ಕಳೆಯುವಷ್ಟರಲ್ಲಿ ಹೆದರಿಕೆ ಹೋಗಿರುತ್ತದೆ. ವಿಜ್ಞಾನಿಗಳಿಗೆ ಮೇಲ್ ಬರೆಯುವಾಗಲೂ ಸುಮ್ನೆ "ಇಂಟರ್ನ್‌ಶಿಪ್ ಕೊಡಿ" ಅಂತ ಬರೆಯಬೇಡಿ. ಅವರ ಒಂದು ಲೇಖನ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದನ್ನು ಕೇಳಿ. ಅಂಥ ಮೇಲಿಗೆ ಉತ್ತರ ಬರುವುದು ಹೆಚ್ಚು.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳನ್ನು ಸಂಖ್ಯಾಶಾಸ್ತ್ರಕ್ಕೂ ಕೋಡಿಂಗಿಗೂ ಇಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ಬೋಟುಗಳು ಹೊರಟ ಮೇಲೆ ಮಲ್ಪೆಗೋ, ಮಂಗಳೂರು ಬಂದರಿಗೋ, ಕಾರವಾರಕ್ಕೋ ಬೆಳಿಗ್ಗೆ ಬೇಗ ಹೋಗಿ. ಹರಾಜಿನ ದಾರಿಗೆ ಅಡ್ಡ ನಿಲ್ಲಬೇಡಿ. ಕೇಳಿ ಮೀನು ಮುಟ್ಟಿ, ಅಳೆದ ಮೀನನ್ನು ಅದೇ ಬುಟ್ಟಿಗೆ ವಾಪಸ್ ಹಾಕಿ. ತಂಡೇಲರು ಬಿಡುವಾದ ಮೇಲೆ ಮಾತಾಡಿಸಿ. ಅವರು ಹೇಳಿದ್ದನ್ನೆಲ್ಲ ಅಲ್ಲೇ ತಾರೀಖು ಹಾಕಿ ಬರೆದುಕೊಳ್ಳಿ.