ರಕ್ತದಲ್ಲಿ ಕ್ಯಾನ್ಸರ್ ಸುಳಿವು: ಹಾದಿ ತಪ್ಪಿಸಿದ ಕೊಬ್ಬು

1986ರಲ್ಲಿ ಬಾಸ್ಟನ್‌ನ ಎರಿಕ್ ಫಾಸೆಲ್ ಮತ್ತು ಜೊತೆಗಾರರು ವೈದ್ಯರೆಲ್ಲ ಕಿವಿ ನಿಮಿರಿಸುವಂಥ ಮಾತು ಹೇಳಿದರು. ರಕ್ತದ ಪ್ಲಾಸ್ಮಾವನ್ನು ಎನ್‌ಎಂಆರ್ ಯಂತ್ರದಲ್ಲಿಟ್ಟು ನೋಡಿದರೆ ಕ್ಯಾನ್ಸರ್ ಗೊತ್ತಾಗುತ್ತದಂತೆ! ಎಂಆರ್‌ಐ ಸ್ಕ್ಯಾನಿನ ಹಿಂದಿರುವ ವಿದ್ಯೆಯೇ ಇದು. ಆದರೆ ಚಿತ್ರದ ಬದಲು ಗ್ರಾಫ್ ಕೊಡುತ್ತದೆ. ಅದರಲ್ಲಿ ಕೊಬ್ಬಿನ ಕಣಗಳಿಂದ ಮೂಡುವ ಗುಡ್ಡ ಕ್ಯಾನ್ಸರ್ ಇದ್ದವರಲ್ಲಿ ಕಿರಿದಾಗಿ ಕಂಡಿತ್ತು. ಗರ್ಭಿಣಿಯರಲ್ಲೂ ಹಾಗೇ ಕಂಡಿತ್ತು. ಅಲ್ಲೇ ಅನುಮಾನ ಬರಬೇಕಿತ್ತು. ಈಗ ಕೂತು ಹೇಳುವುದು ಸುಲಭ ಬಿಡಿ.

ಬೇರೆ ಲ್ಯಾಬ್‌ಗಳು ಮಾಡಿ ನೋಡಿದಾಗ ಪರೀಕ್ಷೆ ಕೈಕೊಟ್ಟಿತು. 1990ರ ಹೊತ್ತಿಗೆ ಕಥೆ ಮುಗಿದಿತ್ತು. ಗುಡ್ಡದ ಅಗಲ ಬಹುಮಟ್ಟಿಗೆ ಟ್ರೈಗ್ಲಿಸರೈಡ್ ಮೇಲೆ ನಿಂತಿತ್ತು. ಊಟ ಮಾಡಿ ಬಂದರೆ ಏರುವ ಕೊಬ್ಬು ಅದು. ಲಿಪಿಡ್ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುವುದು ಸುಮ್ನೆ ಅಲ್ಲ.

ಹಾಗಂತ ಮೂಲ ಯೋಚನೆ ತಪ್ಪಿರಲಿಲ್ಲ. ಗೆಡ್ಡೆಯ ಜೀವಕೋಶಗಳು ಆಮ್ಲಜನಕ ಇದ್ದರೂ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡಿ ಹೊರಹಾಕುತ್ತವೆ ಎಂದು ಜರ್ಮನಿಯ ಓಟ್ಟೊ ವಾರ್‌ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಜೀವಕೋಶ ತಿಂದು, ಅರಗಿಸಿ, ಉಳಿಸುವ ಇಂಥ ಸಣ್ಣ ಅಣುಗಳೇ ಮೆಟಾಬೊಲೈಟ್‌ಗಳು. ತಿನ್ನುವ ರೀತಿ ಬದಲಾದರೆ ರಕ್ತದಲ್ಲಿ ಅದರ ಗುರುತು ಸಿಗಬೇಕಲ್ವಾ? ತೊಂದರೆ ಏನೆಂದರೆ, ಅದೇ ರಕ್ತಕ್ಕೆ ಲಿವರ್, ಸ್ನಾಯು, ನಿನ್ನೆಯ ಊಟ, ನುಂಗಿದ ಮಾತ್ರೆ ಎಲ್ಲವೂ ಬಂದು ಸೇರುತ್ತವೆ. ಟ್ಯೂಬನ್ನು ಹೊರಗೆ ಜಾಸ್ತಿ ಹೊತ್ತು ಇಟ್ಟರೆ ರಕ್ತಕಣಗಳು ಅಲ್ಲೇ ಸಕ್ಕರೆ ತಿನ್ನುತ್ತಾ ಕೂರುತ್ತವೆ.

2009ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ತಂಡ ರಕ್ತ, ಮೂತ್ರ, ಗೆಡ್ಡೆಯ ತುಣುಕುಗಳಲ್ಲಿ ಸಾವಿರಕ್ಕೂ ಹೆಚ್ಚು ಮೆಟಾಬೊಲೈಟ್‌ಗಳನ್ನು ಜಾಲಾಡಿ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಾಗಿ ಸಾರ್ಕೊಸಿನ್ ಎಂಬುದನ್ನು ಹೆಕ್ಕಿತು. ಮರುವರ್ಷವೇ ಬರ್ಲಿನ್ ತಂಡವೊಂದು ಮೂತ್ರದಲ್ಲಿ ಅಳೆದು, ಉಪಯೋಗವಿಲ್ಲ ಅಂದಿತು. 2014ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಸರದಿ. ರೋಗ ಪತ್ತೆಯಾಗುವ ವರ್ಷಗಳ ಮೊದಲೇ ಲ್ಯೂಸಿನ್‌ನಂಥ ಕೆಲವು ಅಮೈನೊ ಆಮ್ಲಗಳು ರಕ್ತದಲ್ಲಿ ಏರಿದ್ದವು. ಆದರೆ ಸಕ್ಕರೆ ಕಾಯಿಲೆಯಲ್ಲೂ ಅವು ಏರುತ್ತವೆ.

ನನಗೆ ನಂಬಿಕೆ ಹುಟ್ಟಿಸಿದ್ದು 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಮೆಟಾಬೊಲೈಟ್. ಐಡಿಎಚ್ ಎಂಬ ಜೀನ್ ಕೆಟ್ಟಾಗ ಜೀವಕೋಶ ಇದನ್ನು ರಾಶಿ ರಾಶಿ ತಯಾರಿಸುತ್ತದೆ. ಎಲ್ಲಿಂದ ಬಂತು, ಯಾಕೆ ಬಂತು ಎರಡೂ ಗೊತ್ತು. ಆ ಜೀನ್ ಕೆಟ್ಟಿರುವ ರಕ್ತದ ಕ್ಯಾನ್ಸರಿನಲ್ಲಿ ರಕ್ತದಲ್ಲೇ ಅಳೆಯಬಹುದು. ಮೆದುಳಿನ ಕೆಲವು ಗೆಡ್ಡೆಗಳಲ್ಲೂ ಅದೇ ಜೀನ್ ಕೆಟ್ಟಿರುತ್ತದೆ, ಗೆಡ್ಡೆಯೊಳಗೆ ಅದೇ ವಸ್ತು ತುಂಬಿರುತ್ತದೆ. ಆದರೆ ಅಂಥವರ ರಕ್ತ ಪರೀಕ್ಷಿಸಿದರೆ ಏರಿಕೆ ಕಾಣುವುದೇ ಇಲ್ಲ.